ಕೂಸು ಮಲಗಿದಾಗ ಖಡಕ್ ರೊಟ್ಟಿ ವ್ಯಾಪಾರ

ಸೊಲ್ಲಾಪುರ: ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಖಡಕ್ ರೊಟ್ಟಿ ಮಾಡುವುದನ್ನು ಯಾರೂ ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಹಂಚು ಮನೆಯಲ್ಲೇ ಇದೆ, ಜೋಳ ಹೊಲದಲ್ಲಿದೆ, ಶೇಂಗಾ ಹಿಂಡಿಯ ಹದ ಅತ್ತೆಗೆ ಗೊತ್ತು, ಸೊಸೆಗೂ ಗೊತ್ತು. ಹೀಗಾಗಿ ಚಿಕ್ಕ ಮಕ್ಕಳ ತಾಯಂದಿರು ‘ಮನ್ಯಾಗ ಕುಂತ ಏನರೆ ಮಾಡೂಣು’ ಎಂದು ಯೋಚಿಸಿದಾಗ ಮೊದಲು ನೆನಪಾಗುವುದು ಇದೇ ಉದ್ಯೋಗ. ಪುಣೆ, ಮುಂಬೈ ಸೇರಿದ ನಮ್ಮ ಮಂದಿಗೆ ಊರಿನ ರೊಟ್ಟಿ ಬೇಕು. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರೂ ಹೋಗುವಾಗ ಒಂದು ಪೊಟ್ಟಣ ಕೊಳ್ಳುತ್ತಾರೆ. ಗಿರಾಕಿಗೆ ಬರವಿಲ್ಲ. ಬರ ಇರುವುದು ತಾಯಿಯ ಕೈಯಲ್ಲಿನ ಹೊತ್ತಿಗೆ.

ಈ ಭಾಗದ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಕುಳಿತು ದುಡಿಯುವುದು ಹೊಸದೇನಲ್ಲ. ಸೊಲ್ಲಾಪುರ ನಗರದಲ್ಲಿ ತಲೆಮಾರುಗಳಿಂದ ಹೆಂಗಸರು ಮನೆಯಲ್ಲೇ ಬೀಡಿ ಕಟ್ಟುತ್ತ ಮಕ್ಕಳನ್ನು ಬೆಳೆಸಿದ್ದಾರೆ. ತೊಡೆಯ ಮೇಲೆ ಎಲೆ-ತಂಬಾಕಿನ ಮೊರ, ಪಕ್ಕದಲ್ಲಿ ಕೂಸು. 1966ರಲ್ಲಿ ಬಂದ ಬೀಡಿ ಕಾರ್ಮಿಕರ ಕಾಯ್ದೆ ಹೆಚ್ಚು ಹೆಂಗಸರಿದ್ದ ಕಾರ್ಖಾನೆಗಳಲ್ಲಿ ಮಕ್ಕಳಿಗೊಂದು ಕೋಣೆ ಇರಬೇಕೆಂದಿತ್ತು. ಮನೆಯಲ್ಲೇ ಕಟ್ಟುವವಳಿಗೆ ಆ ಕೋಣೆ ಎಲ್ಲಿಂದ ಬರಬೇಕು? ತಂಬಾಕಿನ ಪುಡಿ ಕೂಸಿನ ಮೂಗಿಗೂ ಹೋಯಿತು, ಅದರ ಲೆಕ್ಕ ಮಾತ್ರ ಯಾರೂ ಇಡಲಿಲ್ಲ. ರೊಟ್ಟಿಯ ಉದ್ಯೋಗ ಅದಕ್ಕಿಂತ ಸಾವಿರ ಪಾಲು ಮೇಲು. ಆದರೆ ಹೊತ್ತು ಮತ್ತು ಕೂಸು, ಇವೆರಡರ ಲೆಕ್ಕ ತಪ್ಪಿದರೆ ಇದೂ ಕೈ ಸುಡುತ್ತದೆ.

ಮುಂಬೈನ ಲಿಜ್ಜತ್ ಪಾಪಡದ ಕಥೆ ಬಹಳ ಜನ ಕೇಳಿದ್ದಾರೆ. 1959ರಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ಗಿರಗಾವದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು ಎಂಬಲ್ಲಿಗೆ ನಮ್ಮವರು ಕಥೆ ನಿಲ್ಲಿಸುತ್ತಾರೆ. ಅಸಲು ಗುಟ್ಟು ಅದರ ಮುಂದಿದೆ. ಹಿಟ್ಟು ನಾದುವ ಕೆಲಸ ಒಂದು ಕಡೆ, ಲಟ್ಟಿಸುವುದು ಅವರವರ ಮನೆಯಲ್ಲಿ. ಮುಂಜಾನೆ ಹಿಟ್ಟು ಒಯ್ದವಳು ಕೂಸಿಗೆ ಉಣ್ಣಿಸಿ, ಮಲಗಿಸಿ, ನಡುವೆ ಎದ್ದರೆ ಎತ್ತಿಕೊಂಡು, ತನ್ನ ಹೊತ್ತಿನಲ್ಲಿ ಲಟ್ಟಿಸಿ ಮರುದಿನ ಒಪ್ಪಿಸಬಹುದಿತ್ತು. ಮಾರುವ ತಲೆನೋವು ಅವಳದಲ್ಲ. ನಮ್ಮ ಕಡೆ ಒಬ್ಬಳೇ ಬೀಸಿಸಿ, ಬಡಿದು, ಬೇಯಿಸಿ, ಕಟ್ಟಿ, ಮಾರಿ, ಬಾಕಿ ವಸೂಲಿಗೂ ಹೋಗುತ್ತಾಳೆ.

<b>ತನ್ನ ಕೂಲಿ ಹಿಡಿಯದ ಲೆಕ್ಕ</b>

ಒಂದು ಲೆಕ್ಕ ಹಾಕಿ ನೋಡೋಣ. ದರ ಊರಿಂದ ಊರಿಗೆ ಬೇರೆ, ಇದು ಬರೇ ಉದಾಹರಣೆ. ಒಂದು ಕಿಲೋ ಹಿಟ್ಟಿಗೆ 20 ತೆಳು ರೊಟ್ಟಿಯಂತೆ 5 ಕಿಲೋಗೆ 100 ರೊಟ್ಟಿ. ಜೋಳ ಕಿಲೋಗೆ 50 ರೂ. ಎಂದರೆ 250, ಗಿರಣಿಗೆ 25, ಗ್ಯಾಸಿಗೆ 100, ಪೊಟ್ಟಣಕ್ಕೆ 25. ಒಟ್ಟು 400 ರೂಪಾಯಿ. ಓಣಿಯವರು ‘ನಮಗ್ಯಾಕವ್ವ ಅಷ್ಟ್ ರೇಟು’ ಎಂದರೆಂದು 5 ರೂಪಾಯಿಗೆ ಕೊಟ್ಟರೆ ಬರುವುದು 500. ‘ನೂರ ರೂಪಾಯಿ ಉಳೀತು’ ಎಂದು ಖುಷಿ.

ಈಗ ಹೊತ್ತು ಲೆಕ್ಕಿಸಿ. ಒಂದು ರೊಟ್ಟಿ ಬಡಿದು, ಬೇಯಿಸಿ, ಸಣ್ಣ ಉರಿಯಲ್ಲಿ ಖಡಕ್ ಮಾಡಿ ತೆಗೆಯಲು 3 ನಿಮಿಷವಾದರೂ ಬೇಕು. ನೂರಕ್ಕೆ 5 ತಾಸು. ಎಸರು ಇಟ್ಟು ನಾದುವುದು, ಆರಿಸುವುದು, ಕಟ್ಟುವುದು ಸೇರಿ 7 ತಾಸು. ತಾಸಿಗೆ 14 ರೂಪಾಯಿ ಬಿದ್ದಂತಾಯಿತು. ಹತ್ತು ರೊಟ್ಟಿ ಮುರಿದರೆ 7 ರೂಪಾಯಿ. ಅದೇ ರೊಟ್ಟಿ 8 ರೂಪಾಯಿಗೆ ಹೋದರೆ, ಹತ್ತು ಮುರಿದರೂ 320 ಉಳಿಯುತ್ತದೆ. ತಾಸಿಗೆ 45ಕ್ಕಿಂತ ಮೇಲು. ದರದ ಮಾತಿನಲ್ಲಿ ಸಂಕೋಚ ಮಾಡಬಾರದು ಎನ್ನುವುದು ಇದಕ್ಕೇ. ಓಣಿಯವರಿಗೆ ಕಡಿಮೆ ದರದಲ್ಲಿ ಮುರುಕು ರೊಟ್ಟಿ ಕೊಡಿ, ಮೊಸರು ಹಾಕಿ ಉಣ್ಣಲು ಅದೇ ರುಚಿ.

ಇನ್ನೊಂದು ಮಾತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ 7 ತಾಸು ಒಂದೇ ಸಮ ಸಿಗುವುದಿಲ್ಲ. ಕೂಸು ಮಲಗುವುದು ಒಮ್ಮೆಗೆ ತಾಸು, ಒಂದೂವರೆ ತಾಸು. ಅಷ್ಟರಲ್ಲಿ ಆಗುವುದು 20-25 ರೊಟ್ಟಿ. ದಿನಕ್ಕೆ ಅಷ್ಟೇ ಮಾಡಿ, ವಾರಕ್ಕೊಮ್ಮೆ ಮಾರುವುದು ನಡೆಯುತ್ತದೆ. ಚೆನ್ನಾಗಿ ಒಣಗಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು ಎಂಬುದೇ ಈ ಉದ್ಯೋಗದ ದೊಡ್ಡ ಗುಣ. ಬಿಸಿ ಊಟದ ಡಬ್ಬಿಯ ಉದ್ಯೋಗದಲ್ಲಿ ಈ ಸವಲತ್ತು ಇಲ್ಲ. ಅಲ್ಲಿ ಹನ್ನೆರಡಕ್ಕೆ ಡಬ್ಬಿ ಹೋಗಲೇಬೇಕು, ಕೂಸಿಗೆ ಜ್ವರ ಬಂದರೂ.

<b>ಹಂಚು, ಖಾರ, ಶೇಂಗಾ</b>

ನೆಲದ ಮೇಲೆ ಒಲೆ ಇಟ್ಟು ರೊಟ್ಟಿ ಬಡಿಯುವುದು ನಮ್ಮ ರೂಢಿ. ತೆವಳುವ, ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ಇದು ಬೇಡವೇ ಬೇಡ. ಒಲೆ ಕಟ್ಟೆಯ ಮೇಲಿರಲಿ, ಅಡುಗೆಮನೆ ಬಾಗಿಲಿಗೆ ಅರ್ಧ ಎತ್ತರದ ಅಡ್ಡ ಹಲಗೆ ಇರಲಿ. ಎಸರಿನ ಪಾತ್ರೆಯ ಹಿಡಿಕೆ ಗೋಡೆಯ ಕಡೆ ತಿರುಗಿರಲಿ. ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿದು ದವಾಖಾನೆಗೆ ಒಯ್ಯಬೇಕು. ಟೂತ್‌ಪೇಸ್ಟ್, ಶಾಯಿ, ಅರಿಶಿನ ಮೆತ್ತಬಾರದು.

ಹಿಂಡಿ ಮಾಡುವವರಿಗೆ ಇನ್ನೂ ಎರಡು. ಖಾರ ಕುಟ್ಟುವ ದಿನ ಮಕ್ಕಳು ಅಜ್ಜಿಯ ಮನೆಯಲ್ಲಿದ್ದರೆ ಒಳ್ಳೆಯದು. ಇಡೀ ಶೇಂಗಾ ಕಾಳು ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಗಂಟಲಲ್ಲಿ, ಶ್ವಾಸನಾಳದಲ್ಲಿ ಸಿಕ್ಕಿ ಉಸಿರು ಕಟ್ಟುತ್ತದೆ. ಬೂಸ್ಟು ಹಿಡಿದ ಕಾಳನ್ನು ‘ಹುರಿದ್ರ ಹೋಗ್ತೈತಿ’ ಎಂದು ಹಿಂಡಿಗೆ ಹಾಕುವವರಿದ್ದಾರೆ. ಬೂಸ್ಟಿನ ವಿಷ, ಅಫ್ಲಾಟಾಕ್ಸಿನ್, ಹುರಿದರೂ ಪೂರ್ತಿ ಹೋಗುವುದಿಲ್ಲ.

ಬಾಣಂತಿಯರು ಮೊದಲ ಆರು ತಿಂಗಳು ಈ ಗೊಡವೆಗೆ ಹೋಗದಿರುವುದೇ ಲೇಸು. ಆ ಅವಧಿಯಲ್ಲಿ ಕೂಸಿಗೆ ಎದೆಹಾಲೇ ಎಲ್ಲ, ಅದಕ್ಕೆ ವೇಳೆ ಹಚ್ಚಲಾಗದು. ಮೂರು ವರ್ಷ ತುಂಬಿದ ಮೇಲೆ ಅಂಗನವಾಡಿಯ ಹೊತ್ತು ಸಿಗುತ್ತದೆ. 2022ರಲ್ಲಿ ಕೇಂದ್ರದ ‘ಪಾಲನಾ’ ಯೋಜನೆಯಡಿ ಕೆಲವು ಅಂಗನವಾಡಿಗಳಲ್ಲೇ ಶಿಶುಪಾಲನೆ ನಡೆಸುವ ತೀರ್ಮಾನವಾಯಿತು. ನಿಮ್ಮೂರಲ್ಲಿ ಉಂಟೋ ಇಲ್ಲವೋ, ಅಂಗನವಾಡಿ ತಾಯಿಯನ್ನು ಕೇಳಿ ನೋಡಿ.

<b>ಕಾಗದ ಮರಾಠಿ, ಚೀಟಿ ಇಂಗ್ಲಿಷ್</b>

ಓಣಿಯಲ್ಲಿ ಮಾರಿದರೂ ಆಹಾರ ಪದಾರ್ಥಕ್ಕೆ ನೋಂದಣಿ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ ಮೇಲೆ 2011ರಲ್ಲಿ ಬಂದ ನಿಯಮಗಳು ವರ್ಷಕ್ಕೆ 12 ಲಕ್ಷ ರೂ. ಒಳಗಿನ ವಹಿವಾಟಿನವರಿಗೆ ದೊಡ್ಡ ಪರವಾನಗಿ ಬೇಡ, ವರ್ಷಕ್ಕೆ 100 ರೂ. ಶುಲ್ಕದ ನೋಂದಣಿ ಸಾಕು ಎಂದವು. ಈಗಿನ ಮಿತಿ, ಶುಲ್ಕ ಎಷ್ಟೆಂದು ಅರ್ಜಿ ಹಾಕುವ ಮುನ್ನ ವಿಚಾರಿಸಿಕೊಳ್ಳಿ. 2020ರಲ್ಲಿ ಶುರುವಾದ ‘ಉದ್ಯಮ್’ ನೋಂದಣಿ ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಬೇಕು. ಅದಕ್ಕೆ ದುಡ್ಡು ಕೇಳುವ ಮಧ್ಯಸ್ಥರನ್ನು ನಂಬಬೇಡಿ.

ಗಡಿಭಾಗದವರಿಗೆ ಪೊಟ್ಟಣದ ಮೇಲಿನ ಚೀಟಿಯದೊಂದು ತೊಡಕು. ಆಹಾರದ ಚೀಟಿಯ ವಿವರ ಇಂಗ್ಲಿಷ್‌ನಲ್ಲಿ ಇಲ್ಲವೇ ದೇವನಾಗರಿಯ ಹಿಂದಿಯಲ್ಲಿ ಇರಬೇಕೆಂಬುದು ನಿಯಮ. ಅದರ ಜೊತೆಗೆ ಕನ್ನಡವೂ ಇರಬಹುದು, ಮರಾಠಿಯೂ ಇರಬಹುದು. ಬರೀ ಕನ್ನಡ ಸಾಲದು, ಬರೀ ಮರಾಠಿಯೂ ಸಾಲದು. ತೂಕ, ಮಾಡಿದ ದಿನ, ಕೆಡುವ ದಿನ, ಒಳಗೇನಿದೆ, ಹಸಿರು ಚುಕ್ಕಿ, ನೋಂದಣಿ ಸಂಖ್ಯೆ ಬೇಕೇ ಬೇಕು. ಹಿಂಡಿಯಾದರೆ ‘ಶೇಂಗಾ ಇದೆ’ ಎಂದು ಎದ್ದು ಕಾಣಬೇಕು, ಅಲರ್ಜಿ ಇದ್ದವರಿಗಾಗಿ.

ಸಾಲದ ಮಾತು ಕಡೆಗೆ. 2015ರ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50 ಸಾವಿರದ ತನಕ ಅಡವಿಲ್ಲದ ಸಾಲ ಉಂಟು. ಆದರೆ ಮೊದಲ ದಿನವೇ ಸಾಲವೇಕೆ? ಮೊದಲು ಬೇಕಾದದ್ದು ಒಂದು ತೂಕದ ಯಂತ್ರ, ಪೊಟ್ಟಣ ಅಂಟಿಸುವ ಚಿಕ್ಕ ಯಂತ್ರ, ಒಂದು ನೋಟಬುಕ್ಕು. ಸಾಲ ತೆಗೆದರೂ ಖಾತೆ, ನೋಂದಣಿ ಅವಳ ಹೆಸರಲ್ಲೇ ಇರಬೇಕು. ರೊಟ್ಟಿ ಬಡಿಯುವುದು ಹೆಂಡತಿ, ಪಾಸ್‌ಬುಕ್ ಗಂಡನ ಕಿಸೆಯಲ್ಲಿ ಎಂಬ ಮನೆಗಳನ್ನು ಬೇಕಾದಷ್ಟು ನೋಡಿದ್ದೇವೆ.

ಒಬ್ಬಳಿಗೆ ಭಾರವಾದದ್ದು ಬಚತ್ ಗಟದ ಹತ್ತು ಜನರಲ್ಲಿ ಹಗುರಾಗುತ್ತದೆ. ಇಬ್ಬರು ಬೀಸಿಸಿ ತರಲಿ, ಐವರು ತಮ್ಮ ಮನೆಯಲ್ಲಿ ಬಡಿಯಲಿ, ಒಬ್ಬಳು ಮಾರಲಿ, ಇಬ್ಬರು ಸರದಿಯಂತೆ ಎಲ್ಲರ ಮಕ್ಕಳನ್ನು ನೋಡಿಕೊಳ್ಳಲಿ. ಮಕ್ಕಳನ್ನು ನೋಡಿದವಳಿಗೂ ಪಾಲು ಸಲ್ಲಬೇಕು. 1975ರಿಂದ ಇರುವ ರಾಜ್ಯದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳವೂ, ‘ಉಮೇದ್’ ಅಭಿಯಾನವೂ ಗಟಗಳ ಜೊತೆಗೇ ಕೆಲಸ ಮಾಡುತ್ತವೆ. ಅರ್ಜಿ ಮರಾಠಿಯಲ್ಲಿರುತ್ತದೆ, ಶಾಲೆಗೆ ಹೋಗುವ ಹಿರಿ ಮಗಳಿಂದ ಓದಿಸಿಕೊಂಡೇ ಸಹಿ ಹಾಕಿ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಅದರ ಹಿಂದಿನ ದಿನ ಭೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಆ ವಾರ ಬೇಡಿಕೆ ಜೋರು. ಹೊಸದಾಗಿ ಶುರು ಮಾಡುವವರು ಡಿಸೆಂಬರದಲ್ಲೇ ಮನೆಯವರಿಗೂ ನೆಂಟರಿಗೂ ನೂರು ರೊಟ್ಟಿ ಮಾಡಿ, ಎಷ್ಟು ಮುರಿಯುತ್ತವೆ, ಕೂಸು ಎಷ್ಟು ಸಲ ಏಳುತ್ತದೆ ಎಂದು ನೋಟಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ಆರ್ಡರು ಹಿಡಿಯುವುದು ಆಮೇಲೆ.