ವೃಷಭಾವತಿ ಮಣ್ಣಿಗೆ ಸಾಸಿವೆ ಮದ್ದಾಗುತ್ತಾ?

ರಾಜಾಜಿನಗರ, ವಿಜಯನಗರದಲ್ಲಿ ನಾವು 'ಮೋರಿ' ಅಂತ ಮೂಗು ಮುಚ್ಚಿಕೊಂಡು ದಾಟುವ ನೀರೇ ಕೆಂಗೇರಿ ದಾಟಿದ ಮೇಲೆ ಹೊಲಗಳಿಗೆ ಹರಿಯುತ್ತೆ. ಅದರ ಹೆಸರು ವೃಷಭಾವತಿ. ಮನೆಗಳ ಕೊಳಚೆ, ಪೀಣ್ಯ ಕಡೆಯ ಕಾರ್ಖಾನೆ ನೀರು ಎಲ್ಲಾ ಸೇರಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತೆ. ಆ ನೀರಲ್ಲಿ ಬೆಳೆಯುವ ಬೇಬಿ ಕಾರ್ನ್, ಸೊಪ್ಪಿಗೆ ಗಿರಾಕಿಗಳು ಮತ್ತೆ ನಾವೇ!

ನನ್ನ ಸೋದರಮಾವನದೂ ಅಲ್ಲೇ ಅರ್ಧ ಎಕರೆ ಇದೆ. ಗಿಡ ನೆಟ್ಟು ಮಣ್ಣಿನ ಸೀಸ, ಕ್ಯಾಡ್ಮಿಯಂ ತೆಗೆಯಬಹುದು ಅಂತ ನಾನು ಉತ್ಸಾಹದಿಂದ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬೆಳೆದ ಗಿಡನ ಎಲ್ಲಿಗ್ ಹಾಕ್ಲಿ ಅಳಿಯಾ?"

ಇಡೀ ವಿಷಯ ಇರೋದೇ ಅಲ್ಲಿ. ಚೆಲ್ಲಿದ ಎಣ್ಣೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಡೆದು ತಿಂದುಬಿಡುತ್ತವೆ. ಲೋಹವನ್ನು ಒಡೆಯೋಕೆ ಆಗಲ್ಲ, ಜಾಗ ಬದಲಿಸಬಹುದು ಅಷ್ಟೆ. ಒಂದು ಜಾತಿಯ ಜರಿಗಿಡ ಆರ್ಸೆನಿಕ್ ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತೆ ಅಂತ 2001ರಲ್ಲಿ ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ನಮ್ಮ ಒಗ್ಗರಣೆ ಸಾಸಿವೆಯ ಗಿಡ ಸೀಸ, ಕ್ಯಾಡ್ಮಿಯಂ ಎಳೆದುಕೊಳ್ಳುತ್ತೆ. ಹಾಗೆ ಎಳೆದುಕೊಂಡ ಗಿಡವನ್ನು ಸಾರಿಗೂ ಹಾಕೋ ಹಾಗಿಲ್ಲ, ದನಕ್ಕೂ ಇಲ್ಲ, ತಿಪ್ಪೆಗೂ ಇಲ್ಲ. ಸುಟ್ಟರೆ ಲೋಹ ಬೂದಿಯಲ್ಲಿ ಕೂತಿರುತ್ತೆ. ಅದನ್ನು ಅಪಾಯಕಾರಿ ತ್ಯಾಜ್ಯದ ಘಟಕಕ್ಕೇ ಕಳಿಸಬೇಕು. ಇದು ವರ್ಷಗಟ್ಟಲೆ ನಡೆಯಬೇಕಾದ ಕೆಲಸ. ಅಷ್ಟು ವರ್ಷ ಮಾವ ಊಟಕ್ಕೇನು ಮಾಡಬೇಕು? ಕಾಲುವೆಯಲ್ಲಿ ಅದೇ ನೀರು ಬರ್ತಾನೇ ಇದ್ದರೆ ಅದೂ ದಂಡ.

ತೆಗೆಯೋಕೆ ಆಗದಿದ್ದರೆ ಕಟ್ಟಿಹಾಕೋದು ಇನ್ನೊಂದು ದಾರಿ. ನನಗೆ ಹೆಚ್ಚು ನಂಬಿಕೆ ಇರೋದು ಇದರಲ್ಲೇ. ಲಾವಂಚ ಹೀರಿದ ಲೋಹದ ಹೆಚ್ಚಿನ ಪಾಲನ್ನು ಆಳದ ಬೇರಲ್ಲೇ ಇಟ್ಟುಕೊಳ್ಳುತ್ತೆ, ಎಲೆಗೆ ಬಿಡೋದು ಕಡಿಮೆ. ಬೇರಿನ ಜೊತೆ ಬದುಕುವ ಮೈಕೋರೈಜಾ ಶಿಲೀಂಧ್ರವೂ ಎಷ್ಟೋ ಸಲ ಲೋಹವನ್ನು ತನ್ನ ಎಳೆಗಳಲ್ಲಿ ಹಿಡಿದಿಡುತ್ತೆ. ಜೈವಿಕ ಗೊಬ್ಬರ ಮಾರುವ ಕಡೆ ಸಿಗುವ 'ವ್ಯಾಮ್' ಅಂದರೆ ಇದೇ. ನಮ್ಮ ಜಿಕೆವಿಕೆಯಲ್ಲಿ ಪ್ರೊ. ಡಿ.ಜೆ. ಬಾಗ್ಯರಾಜ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. ಆದರೆ 'ವ್ಯಾಮ್' ಹಾಕಿದೆ, ಇನ್ನು ಪಾಲಕ್ ತಿನ್ನಬಹುದು ಅಂದುಕೊಳ್ಳಬೇಡಿ. ಸೊಪ್ಪು ಲೋಹವನ್ನು ಸುಲಭವಾಗಿ ಎಲೆಗೆ ಏರಿಸಿಕೊಳ್ಳುತ್ತೆ.

ಮಾವ ಸದ್ಯಕ್ಕೆ ಸೊಪ್ಪು ಬಿಟ್ಟಿದ್ದಾರೆ, ಬದುವಿನ ಉದ್ದಕ್ಕೂ ಲಾವಂಚ ನೆಟ್ಟಿದ್ದಾರೆ. ಮಣ್ಣು ಪರೀಕ್ಷೆಗೆ ಕೊಡುವವರಿಗೆ ಒಂದು ಮಾತು: ಸರ್ಕಾರದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಸಾರಜನಕ, ರಂಜಕ, ಸತು ಎಲ್ಲಾ ಇದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇಲ್ಲ. ಅವನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.