ಗೋಡೆಗೆ ಬಡಿದು ಬರಲಿ: ಪ್ಯಾಡೆಲ್ ಆಟಕ್ಕೆ ಹೊಸಬರಾದವರಿಗೆ

ಗಲ್ಫಿನಿಂದ ರಜೆಗೆ ಬರುವ ನಮ್ಮ ಹುಡುಗರ ಬಾಯಲ್ಲಿ ಕ್ರಿಕೆಟ್, ವಾಲಿಬಾಲ್ ಜೊತೆ ಈಗ ಇನ್ನೊಂದು ಆಟದ ಹೆಸರು ಕೇಳುತ್ತಿದೆ, ಪ್ಯಾಡೆಲ್. ನಾವು ಮದ್ರಸದಲ್ಲಿ ಪಾಠ ಹೇಳುವ ಸಿ.ಎಸ್. ಪುರದಲ್ಲಿ ಇದರ ಕೋರ್ಟ್ ಇಲ್ಲ, ಆಡಬೇಕಾದರೆ ಬೆಂಗಳೂರಿಗೇ ಹೋಗಬೇಕು. ಕಳೆದ ರಜೆಯಲ್ಲಿ ದೋಹಾದಿಂದ ಬಂದ ಅಕ್ಕನ ಮಗ, "ಬನ್ನಿ ಮಾಮ, ನಾಲ್ಕು ಜನ ಆಗ್ಬೇಕು" ಅಂತ ನಮ್ಮನ್ನೂ ಎಳೆದುಕೊಂಡು ಹೋದ. ಇನ್ನಿಬ್ಬರು ಅವನ ಗೆಳೆಯ ಮತ್ತು ಅವನ ತಂದೆ, ಅಂದರೆ ನಮ್ಮ ಭಾವ. ಭಾವನಿಗೆ ಐವತ್ತೆಂಟು, ಸಕ್ಕರೆ ಕಾಯಿಲೆ. ಇಪ್ಪತ್ತು ವರ್ಷ ಸೌದಿಯಲ್ಲಿ ದುಡಿದವರು. ಅವರು ಊರಿಗೆ ಮರಳುವಾಗ ಮಗ ವಿಮಾನ ಹತ್ತಿಯಾಗಿತ್ತು. ಮಗನ ಜೊತೆ ಒಂದು ದಿನವೂ ಆಟ ಆಡಿದವರಲ್ಲ.

ಆಟ ಹಳೆಯದೇನಲ್ಲ. 1969ರಲ್ಲಿ ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಎನ್ರಿಕೆ ಕೊರ್ಕುಯೆರಾ ಎಂಬವರು ತಮ್ಮ ಮನೆಯ ಜಾಗದಲ್ಲಿ ಶುರು ಮಾಡಿದ್ದು. ಅಲ್ಲಿಂದ ಸ್ಪೇನ್, ಅರ್ಜೆಂಟೀನಾಗಳಿಗೆ ಹೋಯಿತು. 2021ರ ವಿಶ್ವ ಚಾಂಪಿಯನ್‌ಶಿಪ್ ದೋಹಾದಲ್ಲೂ 2022ರದ್ದು ದುಬೈಯಲ್ಲೂ ನಡೆದ ಮೇಲೆ ನಮ್ಮವರಿಗೆ ಪರಿಚಯವಾಗದೆ ಇರುತ್ತದೆಯೇ?

ಕೋರ್ಟ್ 20 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ತುದಿಯಲ್ಲಿ ಗಾಜಿನ ಗೋಡೆ, ಬದಿಗಳಲ್ಲಿ ಸ್ವಲ್ಪ ಗಾಜು, ಉಳಿದದ್ದು ಕಬ್ಬಿಣದ ಜಾಲರಿ. ನೆಟ್ ನಡುವಿನಲ್ಲಿ 88 ಸೆಂಟಿಮೀಟರ್ ಎತ್ತರ. ಒಂದೊಂದು ಕಡೆ ಇಬ್ಬರು. ಬ್ಯಾಟಿಗೆ ಟೆನಿಸಿನಂತೆ ದಾರ ಇಲ್ಲ, ತೂತುಗಳಿವೆ, ಹಿಡಿಯೂ ಗಿಡ್ಡ. ಅದರ ಹಗ್ಗವನ್ನು ಮಣಿಕಟ್ಟಿಗೆ ಹಾಕಿಕೊಳ್ಳಲೇಬೇಕು, ಕೈಜಾರಿದರೆ ಪಕ್ಕದವನ ಮುಖವೇ ಗತಿ.

ಸರ್ವಿಸ್ ಸುಲಭ. ಚೆಂಡನ್ನು ನೆಲಕ್ಕೆ ಒಮ್ಮೆ ಪುಟಿಸಿ, ಸೊಂಟಕ್ಕಿಂತ ಮೇಲೇರದಂತೆ ಹೊಡೆದು, ಎದುರು ಮೂಲೆಯ ಚೌಕಕ್ಕೆ ಹಾಕಬೇಕು. ಒಂದು ತಪ್ಪಿದರೆ ಇನ್ನೊಂದು ಅವಕಾಶ ಉಂಟು. ಚೌಕದಲ್ಲಿ ಬಿದ್ದ ಚೆಂಡು ಆಮೇಲೆ ಗಾಜಿಗೆ ತಾಗಿದರೆ ಸರಿ, ಜಾಲರಿಗೆ ತಾಗಿದರೆ ತಪ್ಪು. ಲೆಕ್ಕ ಟೆನಿಸಿನದ್ದೇ: 15, 30, 40, ಗೇಮ್. ಆರು ಗೇಮಿಗೆ ಒಂದು ಸೆಟ್, ಎರಡು ಸೆಟ್ ಗೆದ್ದವರು ಗೆದ್ದರು.

ಗೋಡೆಯೇ ಈ ಆಟದ ಜೀವ. ಎದುರಿನವರು ಹೊಡೆದ ಚೆಂಡು ನಮ್ಮ ನೆಲಕ್ಕೆ ಒಮ್ಮೆ ಬಿದ್ದು ಹಿಂದಿನ ಗಾಜಿಗೆ ಬಡಿದರೂ ಆಟ ಮುಗಿಯಲಿಲ್ಲ. ಎರಡನೇ ಸಲ ನೆಲಕ್ಕೆ ಬೀಳುವ ಮೊದಲು ಹೊಡೆದರಾಯಿತು. ಆದರೆ ನೆಲ ಮುಟ್ಟದೆ ನೇರ ಗೋಡೆಗೆ ಹೋದರೆ ಹೊಡೆದವರಿಗೇ ನಷ್ಟ. ಅದಕ್ಕೇ ಇಲ್ಲಿ ಶಕ್ತಿ ಹಾಕಿ ಬೀಸುವವನು ಸೋಲುತ್ತಾನೆ. ಜೋರಾಗಿ ಹೊಡೆದಷ್ಟೂ ಚೆಂಡು ಗಾಜಿಗೆ ಬಡಿದು ಚೆನ್ನಾಗಿ ವಾಪಸು ಬರುತ್ತದೆ.

ಭಾವನಿಗೆ ಇದು ತಿಳಿಯಲು ಅರ್ಧ ಗಂಟೆ ಬೇಕಾಯಿತು. ವಾಲಿಬಾಲ್ ಆಡಿದ ಮೈ, ಪ್ರತಿ ಚೆಂಡಿಗೂ ಮುಂದೆ ಓಡುವುದು, ತಪ್ಪುವುದು, ಏದುಸಿರು ಬಿಡುವುದು. "ಉಪ್ಪ, ಬಿಡಿ, ಹೋಗ್ಲಿ. ಗೋಡೆಗೆ ಬಡಿದು ಅದೇ ಬರ್ತದೆ" ಅಂತ ಮಗ ಹಿಂದಿನಿಂದ ಕೂಗುತ್ತಿದ್ದ. ಕೊನೆಗೊಮ್ಮೆ ಬಿಟ್ಟರು. ಚೆಂಡು ತಲೆಯ ಮೇಲಿಂದ ಹೋಗಿ, ಬಿದ್ದು, ಗಾಜಿಗೆ ಬಡಿದು ಮೆತ್ತಗೆ ಅವರ ಮುಂದೆಯೇ ಬಂತು. ತಿರುಗಿ ಎತ್ತರಕ್ಕೆ ಎತ್ತಿದರು. ಅದು ನಮ್ಮಿಬ್ಬರನ್ನೂ ದಾಟಿ ಹಿಂದೆ ಬಿತ್ತು. ತಂದೆ ಮಗ ಕೈಗೆ ಕೈ ಬಡಿದರು. ನಮಗೆ ಸೋತ ಬೇಸರವೂ ಆಗಲಿಲ್ಲ!

ಹೋಗುವವರಿಗೆ ಎರಡು ಮಾತು. ಚಪ್ಪಲಿ, ನುಣುಪು ಅಡಿಯ ಶೂ ಬೇಡ, ನೆಲದ ಮೇಲೆ ಮರಳಿರುತ್ತದೆ, ಜಾರುತ್ತದೆ. ಬ್ಯಾಟ್ ಕೊಳ್ಳುವ ಮೊದಲು ಅಲ್ಲೇ ಬಾಡಿಗೆಗೆ ಸಿಗುತ್ತದೋ ಕೇಳಿ. ಬಾಡಿಗೆ ಕಡಿಮೆಯೇನಲ್ಲ, ನಾಲ್ವರೂ ಹಂಚಿಕೊಳ್ಳಿ. ಸಂಜೆಯ ಹೊತ್ತು ಬುಕ್ ಮಾಡುವಾಗ ಮಗ್ರಿಬ್ ನೋಡಿಕೊಳ್ಳಿ. ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇದ್ದವರು ಡಾಕ್ಟರನ್ನು ಕೇಳಿಯೇ ಇಳಿಯಿರಿ. ಭಾವ ಕೇಳಿರಲಿಲ್ಲ, ಅಕ್ಕ ಮರುದಿನ ನಮ್ಮನ್ನೇ ಬೈದರು.

ಅಳಿಯ ಮುಂದಿನ ವಾರವೇ ದೋಹಾಕ್ಕೆ ಹೊರಟುಹೋದ. ಮೊನ್ನೆ ಭಾವ ಫೋನ್ ಮಾಡಿ, ಆ ಆಟದ ಶೂಗೆ ಎಷ್ಟಾಗುತ್ತದೆ ಅಂತ ಕೇಳಿದರು.