ಹಾಲಿನ ಕ್ಯಾನು: ಹೊರಗಿನ ಹೊಳಪಲ್ಲ, ಒಳಮೈ ನೋಡಿ

ಬೇಸಿಗೆಯಲ್ಲಿ ಯಡ್ರಾಮಿ, ಜೇವರ್ಗಿ ಕಡೆ ಹಾಲು ಒಡೆದರೆ ಬಿಸಿಲನ್ನು ಬೈಯುತ್ತೇವೆ. ಎಷ್ಟೋ ಸಲ ಕ್ಯಾನಿನ ಒಳಮೈಯೂ ಅದಕ್ಕೆ ಕಾರಣ. ಡೇರಿಯಲ್ಲಿ ಹಾಲು ವಾಪಸಾದರೆ ಆ ಹೊತ್ತಿನ ದುಡಿಮೆಯೇ ಹೋಯಿತು.

ಗೀರಿನೊಳಗೆ ಏನಿದೆ?

ಹಾಲು ಹುಳಿ ಮಾಡುವ ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಣ್ಣಿಗೆ ಕಾಣುವ ಗೀರು ಅದಕ್ಕೆ ದೊಡ್ಡ ಹಳ್ಳವೇ. ಅಲ್ಲಿ ಜಿಡ್ಡು ನಿಂತರೆ ಬ್ರಷ್ ತಲುಪುವುದಿಲ್ಲ. ಅದಕ್ಕೇ ಡೇರಿ ಯಂತ್ರಗಳಲ್ಲಿ ಹಾಲು ತಗಲುವ ಮೈಯ ಸರಾಸರಿ ಒರಟುತನ 0.8 ಮೈಕ್ರಾನ್ ಮೀರಬಾರದೆಂಬ ಅಳತೆ ಇದೆ. ಕಾರ್ಖಾನೆಯಿಂದ ಬರುವ ‘2ಬಿ’ ತಗಡು ಕನ್ನಡಿಯಂತೆ ಹೊಳೆಯುವುದಿಲ್ಲ, ಬೂದು ಮಬ್ಬು. ಆದರೆ ಈ ಅಳತೆಗಿಂತಲೂ ನುಣುಪು.

ಕೊಳ್ಳುವಾಗ

* ಕ್ಯಾನಿನೊಳಗೆ ಬ್ಯಾಟರಿ ಬಿಟ್ಟು ನೋಡಿ. ವೆಲ್ಡಿಂಗ್ ಜಾಗ ಬೆರಳಿಗೆ ತೊಡಕಬಾರದು, ತೂತು, ಕಪ್ಪು ಕಲೆ ಇರಬಾರದು.
* ತಳದ ಮೂಲೆ ದುಂಡಗಿರಲಿ.
* 304 ದರ್ಜೆಯದು ಕೇಳಿ, ಬಿಲ್ಲಿನಲ್ಲಿ ಬರೆಸಿ. ಇದರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅಯಸ್ಕಾಂತ ಹಿಡಿಯದಿದ್ದರೆ 304 ಎಂದು ನಂಬಬೇಡಿ. ನಿಕ್ಕಲ್ ಕಡಿಮೆ ಇರುವ ಅಗ್ಗದ 200 ಸಾಲಿನ ಸ್ಟೀಲನ್ನೂ ಅದು ಹಿಡಿಯುವುದಿಲ್ಲ.

ತೊಳೆಯುವಾಗ

ಹಾಲು ಸುರಿದ ಕೂಡಲೇ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಲ್ಲಿ ಗಲಬರಿಸಿ. ಮೊದಲೇ ಕುದಿಯುವ ನೀರು ಹಾಕಿದರೆ ಹಾಲಿನ ಅಂಶ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ವಾಷಿಂಗ್ ಸೋಡಾ ಹಾಕಿ ನೈಲಾನ್ ಬ್ರಷ್ಷಿನಿಂದ ತಿಕ್ಕಿ. ಚೆನ್ನಾಗಿ ತೊಳೆದು ಬೋರಲು ಹಾಕಿ ಒಣಗಿಸಿ.

ತಂತಿಯ ಉಂಡೆ, ಮರಳು, ಇಟ್ಟಿಗೆಪುಡಿ ಬೇಡವೇ ಬೇಡ. ಗೀರು ಬೀಳುತ್ತದೆ. ಕಬ್ಬಿಣದ ಚೂರು ಅಂಟಿ ತುಕ್ಕೂ ಹಿಡಿಯುತ್ತದೆ.

ಗಡಸು ಬೋರ್ ನೀರಲ್ಲಿ ತೊಳೆದರೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಇದು ಸುಣ್ಣದ ಅಂಶ ಮತ್ತು ಹಾಲಿನ ಪ್ರೋಟೀನು ಸೇರಿದ ‘ಹಾಲುಗಲ್ಲು’. ಸೋಡಾಕ್ಕೆ ಹೋಗದು, ಹುಳಿಗೆ ಕರಗುತ್ತದೆ. ಲಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಹಾಕಬೇಡಿ, ಸ್ಟೀಲನ್ನೇ ತಿನ್ನುತ್ತದೆ. ಬ್ಲೀಚಿಂಗ್ ನೀರು, ಉಪ್ಪುನೀರು ಕ್ಯಾನಿನಲ್ಲಿ ನಿಂತರೂ ಸಣ್ಣ ಗುಳಿ ಬೀಳುತ್ತವೆ. ಬ್ಲೀಚಿಂಗಿಗೆ ಹುಳಿ ಬೆರೆಸಿದರೆ ವಿಷಗಾಳಿ ಏಳುತ್ತದೆ, ಎಚ್ಚರ.

ಒಳಗೆ ಗೀರೆದ್ದ ಹಳೆ ಕ್ಯಾನನ್ನು ಬಿಸಾಡಬೇಕಿಲ್ಲ. ಹಿಂಡಿ ನೆನೆಸಲು ಇಟ್ಟುಕೊಳ್ಳಿ. ಹಾಲಿಗೆ ಬೇಡ.